ನೆಟ್ ಬರ್ಲಾಕತ್ತದ, ಕ್ಯಾಮೆರಾ ಬರವಲ್ದು

“ಅಣ್ಣಾ, ನೆಟ್ ಬರ್ಲಾಕತ್ತದ, ಟ್ಯಾಲಿನೂ ನಡೀಲಾಕತ್ತದ. ಕ್ಯಾಮೆರಾ ಒಂದೇ ಬರವಲ್ದು ನೋಡ್ರಿ.”

ಕಮಲಾಪುರದ ಖರೀದಿ ಅಂಗಡಿಯ ಗುಮಾಸ್ತ ಕಲಬುರಗಿಯ ಕಂಪ್ಯೂಟರ್ ರಿಪೇರಿಯವನಿಗೆ ಫೋನಿನಲ್ಲಿ ಹೇಳುವುದು ಇಷ್ಟೇ. ಅಂಗಡಿಯನ್ನು ಈ ಅಧ್ಯಾಯಕ್ಕೆಂದು ನಾನೇ ಕಟ್ಟಿಕೊಂಡಿದ್ದೇನೆ. ಕಲಬುರಗಿಯ ಗಂಜಿನಲ್ಲಿ ಒಂದು ದಾಲ್ ಮಿಲ್ಲಿನ ಕಚೇರಿ. ಹುಮನಾಬಾದ್ ರಸ್ತೆ ಹಿಡಿದು ಹೋದರೆ ಸಿಗುವ ಕಮಲಾಪುರದಲ್ಲಿ ಅದೇ ಮಿಲ್ಲಿನವರ ತೊಗರಿ ಖರೀದಿ ಅಂಗಡಿ. ಕಮಲಾಪುರ ಎಂದರೆ ಹೊರಗಿನವರಿಗೆ ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆ ನೆನಪಾಗುತ್ತದೆ, ಆದರೆ ಈ ಸೀಮೆಯ ವ್ಯಾಪಾರ ನಿಂತಿರುವುದು ತೊಗರಿಯ ಮೇಲೆ. ಅಂಗಡಿಯಲ್ಲಿ ಒಂದೆರಡು ಕಂಪ್ಯೂಟರ್, ಒಂದು ಪ್ರಿಂಟರ್, ತೂಕದ ಕಾಟಾದ ಮೇಲೆ ಕಣ್ಣಿಟ್ಟ ಕ್ಯಾಮೆರಾಗಳು, ಅವುಗಳ ಚಿತ್ರ ತುಂಬಿಕೊಳ್ಳುವ ರೆಕಾರ್ಡರ್. ಸುಗ್ಗಿಯಲ್ಲಿ ಕಾಟಾದ ಕ್ಯಾಮೆರಾ ಬಂದ್ ಆದರೆ ಸಾವ್ಕಾರರಿಗೆ ನಿದ್ದೆ ಹತ್ತುವುದಿಲ್ಲ.

ಗುಮಾಸ್ತ ತನಗೇ ಗೊತ್ತಿಲ್ಲದೆ ರೋಗದ ಲಕ್ಷಣವನ್ನು ಚೊಕ್ಕವಾಗಿ ಹೇಳಿದ್ದಾನೆ. ಸಾವಿರಾರು ಮೈಲಿ ಆಚೆಯ ಸರ್ವರ್ ಸಿಗುತ್ತಿದೆ, ಲೆಕ್ಕಪತ್ರದ ಟ್ಯಾಲಿ ಇರುವ ಕಲಬುರಗಿಯ ಗಂಜ್ ಸಿಗುತ್ತಿದೆ, ಪಕ್ಕದ ಗೋಡೆಗೆ ತೂಗುಹಾಕಿದ ರೆಕಾರ್ಡರ್ ಮಾತ್ರ ಸಿಗುತ್ತಿಲ್ಲ. ಗುಮಾಸ್ತನ ಕಂಪ್ಯೂಟರಿನ ತಂತಿ ಕಿತ್ತಿದ್ದರೆ ಎಲ್ಲವೂ ನಿಲ್ಲಬೇಕಿತ್ತು. ಅರ್ಧ ನಡೆದು ಅರ್ಧ ನಿಂತಿದೆ ಎಂದರೆ ಅನುಮಾನ ಪಡಬೇಕಾದ್ದು ತಂತಿಯ ಮೇಲಲ್ಲ, ಕಂಪ್ಯೂಟರ್ ತೆಗೆದುಕೊಂಡ ಒಂದು ತೀರ್ಮಾನದ ಮೇಲೆ.

ಜಾಲಕ್ಕೆ ಸೇರಿದ ಪ್ರತಿ ಕಂಪ್ಯೂಟರೂ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಪೊಟ್ಟಣ, ಹೊರಡಿಸುವ ಮೊದಲು ತನ್ನಷ್ಟಕ್ಕೆ ತಾನೇ ಒಂದು ಪ್ರಶ್ನೆ ಬಿಡಿಸಿಕೊಳ್ಳುತ್ತದೆ: ಈ ವಿಳಾಸ ನನ್ನ ಜಾಲದೊಳಗಿನದೋ, ಹೊರಗಿನದೋ? ಒಳಗಿನದಾದರೆ ಜಾಲದ ಎಲ್ಲರಿಗೂ ಕೇಳುವಂತೆ “ಈ ವಿಳಾಸ ಯಾರದು?” ಎಂದು ವಿಚಾರಿಸುತ್ತದೆ. ಎಆರ್‌ಪಿ ಎಂಬ ಈ ಪದ್ಧತಿ 1982ರಿಂದ ಹಾಗೆಯೇ ನಡೆದು ಬಂದಿದೆ. ಆ ವಿಳಾಸದ ಯಂತ್ರ ಉತ್ತರ ಕೊಟ್ಟರೆ ಪ್ಯಾಕೆಟ್ ನೇರವಾಗಿ ಅದಕ್ಕೆ. ಹೊರಗಿನದಾದರೆ ಏನೂ ವಿಚಾರಿಸದೆ ಗೇಟ್‌ವೇ, ಅಂದರೆ ರೂಟರ್ ಕೈಗೆ. ಒಳಗೋ ಹೊರಗೋ ಎಂದು ಅಳೆಯಲು ಅದರ ಬಳಿ ಇರುವ ಅಳತೆಗೋಲು ಸಬ್‌ನೆಟ್ ಮಾಸ್ಕ್ ಒಂದೇ. ಬೇರೆ ಯಾರನ್ನೂ ಕೇಳುವುದಿಲ್ಲ, ಪಕ್ಕದ ಕಂಪ್ಯೂಟರಿನ ಮಾಸ್ಕ್ ಏನಿದೆ ಎಂದೂ ನೋಡುವುದಿಲ್ಲ.

ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಗುಮಾಸ್ತನ ಕಂಪ್ಯೂಟರಿನ ವಿಳಾಸ 10.85.18.20. ರೆಕಾರ್ಡರಿನ ವಿಳಾಸ 10.85.18.140. ಐಪಿ ವಿಳಾಸ ನಮಗೆ ನಾಲ್ಕು ತುಂಡಾಗಿ ಕಂಡರೂ ಯಂತ್ರಕ್ಕೆ ಅದು 32 ಬಿಟ್‌ಗಳ ಒಂದೇ ಸಾಲು. ಚುಕ್ಕಿಗಳು ಮನುಷ್ಯರ ಅನುಕೂಲಕ್ಕೆ. ಮಾಸ್ಕ್ ಕೂಡ 32 ಬಿಟ್‌ಗಳದ್ದೇ: ಎಡಗಡೆಯಿಂದ ಒಂದಷ್ಟು 1ಗಳು, ಆಮೇಲೆ ಬರೀ 0ಗಳು. 1 ಇರುವಷ್ಟು ದೂರ ಎರಡು ವಿಳಾಸಗಳೂ ಹೊಂದಿದರೆ ಇಬ್ಬರೂ ಒಂದೇ ಜಾಲದವರು. ಮುಂದಿನದನ್ನು ನೋಡುವುದೇ ಇಲ್ಲ.

ಈ ಅಂಗಡಿಯ ಈಗಿನ ಜಾಲ ಹಾಕಿಕೊಟ್ಟವನು ಜಾಣ. ಕ್ಯಾಮೆರಾಗಳ ಸಂತೆ ಬಿಲ್ಲಿಂಗ್ ಕಂಪ್ಯೂಟರಿನ ದಾರಿಗೆ ಅಡ್ಡ ಬರಬಾರದೆಂದು 10.85.18 ಎಂಬ ಗುಂಪನ್ನು ಎರಡು ಹೋಳು ಮಾಡಿದ. 0ಯಿಂದ 127ರ ತನಕ ಕಂಪ್ಯೂಟರ್‌ಗಳಿಗೆ, 128ರಿಂದ 255ರ ತನಕ ಕ್ಯಾಮೆರಾಗಳಿಗೆ. ನಡುವೆ ರೂಟರ್. ಮಾಸ್ಕ್ 255.255.255.128; ಕಸುಬಿನವರ ಬಾಯಲ್ಲಿ ‘ಸ್ಲ್ಯಾಶ್ 25’, ಎಂದರೆ ಎಡದಿಂದ 25 ಬಿಟ್ ನೋಡು ಎಂದು. ಮೊದಲ ಮೂರು ತುಂಡು ಇಬ್ಬರಿಗೂ ಒಂದೇ, 24 ಬಿಟ್ ಅಲ್ಲಿಗೇ ಮುಗಿಯಿತು. ಉಳಿದದ್ದು ಕೊನೆಯ ತುಂಡಿನ ಮೊದಲ ಬಿಟ್:

20 = 00010100
140 = 10001100
128 = 10000000 (ಮಾಸ್ಕ್)

ಒಂದರ ಮೊದಲ ಬಿಟ್ 0, ಇನ್ನೊಂದರದು 1. ಹೊಂದಲಿಲ್ಲ. ರೆಕಾರ್ಡರ್ ಹೊರಗಿನದು, ಪ್ಯಾಕೆಟ್ ರೂಟರಿಗೆ ಹೋಗಲಿ. ಎಲ್ಲವೂ ಸರಿ.

ಒಂದು ದಿನ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಿಸಿದರು. ಹಾಕಿದವನು ವಿಳಾಸ ಸರಿಯಾಗಿ ಬರೆದ, ಮಾಸ್ಕಿನ ಜಾಗದಲ್ಲಿ ಮಾತ್ರ ಎಲ್ಲೆಲ್ಲೂ ಕಾಣುವ 255.255.255.0 ಒತ್ತಿಬಿಟ್ಟ. ಈಗ ಕೊನೆಯ ತುಂಡಿನ ಒಂದು ಬಿಟ್ಟನ್ನೂ ಕಂಪ್ಯೂಟರ್ ನೋಡುವುದಿಲ್ಲ. 10.85.18ರ ತನಕ ಹೊಂದಿತಲ್ಲ, ರೆಕಾರ್ಡರ್ ನಮ್ಮದೇ ಜಾಲದ್ದು ಎಂದು ತೀರ್ಮಾನಿಸಿ “140 ಯಾರದು?” ಎಂದು ತನ್ನ ಹೋಳಿನಲ್ಲಿ ಕೇಳುತ್ತ ಕೂರುತ್ತದೆ. ರೆಕಾರ್ಡರ್ ಇರುವುದು ರೂಟರಿನ ಆಚೆ ಬದಿಗೆ. ಆ ಪ್ರಶ್ನೆ ರೂಟರನ್ನು ದಾಟುವುದಿಲ್ಲ. ಉತ್ತರ ಬಾರದೆ ಕಂಪ್ಯೂಟರ್ ಕೈಚೆಲ್ಲುತ್ತದೆ. ಗಂಜಿನ ಟ್ಯಾಲಿ ಸರ್ವರ್ 10.85.16.10ರಲ್ಲಿದೆ, ಮೂರನೇ ತುಂಡಿನಲ್ಲಿ 16, 18 ಬೇರೆಯಾದ್ದರಿಂದ ಅದು ಹೇಗೂ ಹೊರಗಿನದೇ, ನಡೆಯುತ್ತದೆ. ಯೂಟ್ಯೂಬಂತೂ ನಡೆದೇ ನಡೆಯುತ್ತದೆ.

ಲಕ್ಷಣ ಬದಲಾಗಿ, “ನೆಟ್ ಬರ್ಲಾಕತ್ತದ, ಟ್ಯಾಲಿನೂ ಬರವಲ್ದು, ಕ್ಯಾಮೆರಾನೂ ಬರವಲ್ದು” ಎಂದು ಗುಮಾಸ್ತ ಹೇಳಿದ್ದರೆ? ನಾನು ಮೊದಲು ನೋಡುವುದು ಮಾಸ್ಕಿನಲ್ಲಿ 255.0.0.0 ಇದೆಯೇ ಎಂದು. ಆಗ ಮೊದಲ 8 ಬಿಟ್ ಮಾತ್ರ ಲೆಕ್ಕಕ್ಕೆ. 10ರಿಂದ ಶುರುವಾಗುವ ಎಲ್ಲವೂ, ಕಲಬುರಗಿಯ ಗಂಜ್ ಕೂಡ, ಅಂಗಡಿಯೊಳಗೇ ಇದೆ ಎಂದು ಆ ಕಂಪ್ಯೂಟರ್ ನಂಬುತ್ತದೆ. ಹೊರಜಗತ್ತಿನ ವಿಳಾಸಗಳು ಮಾತ್ರ ರೂಟರಿಗೆ ಹೋಗುತ್ತವೆ. ಈ 255.0.0.0 ಯಾರೋ ಯೋಚಿಸಿ ಬರೆದದ್ದಾಗಿರಬೇಕಿಲ್ಲ. ವಿಂಡೋಸ್‌ನ ಹಳೆಯ ಐಪಿ ಪೆಟ್ಟಿಗೆಯಲ್ಲಿ 10ರಿಂದ ಶುರುವಾಗುವ ವಿಳಾಸ ಬರೆದು ಟ್ಯಾಬ್ ಒತ್ತಿ ನೋಡಿ, ಮಾಸ್ಕಿನ ಜಾಗದಲ್ಲಿ ಅದು ತಾನಾಗಿಯೇ 255.0.0.0 ತುಂಬುತ್ತದೆ. 192.168 ಎಂದು ಬರೆದರೆ 255.255.255.0. ಆ ಪೆಟ್ಟಿಗೆ ಈಗಲೂ 1981ರಲ್ಲಿ ಬದುಕುತ್ತಿದೆ.

1981ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ ಪ್ರೋಟೊಕಾಲಿನ ನಿಯಮಗಳು ಪ್ರಕಟವಾದಾಗ ಮಾಸ್ಕ್ ಇರಲಿಲ್ಲ. ವಿಳಾಸದ ಮೊದಲ ಬಿಟ್‌ಗಳನ್ನು ನೋಡಿಯೇ ಗಡಿ ಎಲ್ಲಿ ಎಂದು ತಿಳಿಯುತ್ತಿತ್ತು. ಎ ವರ್ಗವಾದರೆ 8 ಬಿಟ್‌ಗೆ ಗಡಿ, ಒಂದೊಂದು ಜಾಲಕ್ಕೆ ಸುಮಾರು 1.68 ಕೋಟಿ ವಿಳಾಸ. ಬಿ ವರ್ಗವಾದರೆ 16ಕ್ಕೆ, ಒಂದೊಂದಕ್ಕೆ 65,536. ಸಿ ವರ್ಗವಾದರೆ 24ಕ್ಕೆ, ಒಂದೊಂದಕ್ಕೆ 256.

ನಮ್ಮ ಅಂಚೆಯ ಪಿನ್‌ಕೋಡ್ ಈ ಪದ್ಧತಿಯ ಖಾಸಾ ಸೋದರ. 1972ರ ಆಗಸ್ಟ್ 15ರಂದು ಜಾರಿಗೆ ಬಂದ, ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪಿನ್‌ಕೋಡಿನಲ್ಲಿ ಆರು ಅಂಕಿ. ಕಲಬುರಗಿ, ಯಾದಗಿರಿ, ಬೀದರ ಸೀಮೆಯ ಪತ್ರಗಳ ಮೇಲೆ 585. ಚೆನ್ನೈನಲ್ಲಿ ಪತ್ರ ವಿಂಗಡಿಸುವವನಿಗೆ ಕಮಲಾಪುರ ಎಲ್ಲಿದೆ ಎಂದು ಗೊತ್ತಿರಬೇಕಿಲ್ಲ. 585 ಕಂಡರೆ ಆ ಚೀಲಕ್ಕೆ. ಉಳಿದ ಮೂರು ಅಂಕಿ ನೋಡುವುದು ಕಲಬುರಗಿಯಲ್ಲಿ ಚೀಲ ಬಿಚ್ಚಿದವನ ಕೆಲಸ. ಹಂಪಿಯ ಪಕ್ಕದಲ್ಲಿ ಇನ್ನೊಂದು ಕಮಲಾಪುರ ಇದೆಯಲ್ಲ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇರುವ ಊರು, ಅದರ ಪಿನ್‌ಕೋಡ್ ಶುರುವಾಗುವುದು 583ರಿಂದ. ಊರ ಹೆಸರು ಒಂದೇ ಆದರೂ ಮೂರನೇ ಅಂಕಿಗೇ ಚೀಲ ಬೇರೆಯಾಗುತ್ತದೆ.

ಆದರೆ ಪಿನ್‌ಕೋಡಿನಲ್ಲಿ ಗಡಿ ಯಾವಾಗಲೂ ಅದೇ ಜಾಗದಲ್ಲಿ, ಮೂರನೇ ಅಂಕಿಯಾದ ಮೇಲೆ. ಅಂಚೆಗೆ ಅದು ಸಾಕು. ಇಂಟರ್‌ನೆಟ್ಟಿಗೆ ಸಾಕಾಗಲಿಲ್ಲ. 300 ಕಂಪ್ಯೂಟರ್ ಇರುವ ಕಾಲೇಜಿಗೆ ಸಿ ವರ್ಗ ಸಾಲದು, ಬಿ ವರ್ಗ ಕೊಟ್ಟರೆ 65 ಸಾವಿರಕ್ಕೂ ಹೆಚ್ಚು ವಿಳಾಸ ದಂಡ. ಜೊತೆಗೆ ಒಂದೇ ಸಂಸ್ಥೆಯೊಳಗೆ ಹಲವು ಕಟ್ಟಡ, ಹಲವು ಜಾಲ. ಪ್ರತಿಯೊಂದಕ್ಕೂ ಹೊರಗಿನಿಂದ ಬೇರೆ ಬೇರೆ ವಿಳಾಸಗುಚ್ಛ ತರಬೇಕೆಂದರೆ ಆಗದ ಮಾತು. 1985ರ ಆಗಸ್ಟಿನಲ್ಲಿ ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ ಬರೆದ ಪತ್ರ, ಆರ್‌ಎಫ್‌ಸಿ 950, ಗಡಿಯನ್ನು ಸಂಸ್ಥೆಯೇ ತನಗೆ ಬೇಕಾದ ಕಡೆ ಎಳೆದುಕೊಳ್ಳಲು ಬಿಟ್ಟಿತು. ಎಳೆದ ಗಡಿಯನ್ನು ಯಂತ್ರಕ್ಕೆ ತಿಳಿಸಲು ಮಾಸ್ಕ್ ಬಂತು. ಆ ಪತ್ರದಲ್ಲೊಂದು ವಿಚಿತ್ರ ಇದೆ: ಮಾಸ್ಕಿನ 1ಗಳು ಒತ್ತೊತ್ತಾಗಿಯೇ ಇರಬೇಕೆಂಬ ಕಟ್ಟಳೆ ಇರಲಿಲ್ಲ, ಇದ್ದರೆ ಒಳ್ಳೆಯದು ಎಂಬ ಸಲಹೆ ಮಾತ್ರ. ನಡುನಡುವೆ ತೂತುಬಿದ್ದ ಮಾಸ್ಕ್ ಹಾಕಲು ಕಾನೂನುಪ್ರಕಾರ ಅವಕಾಶವಿತ್ತು. ಪುಣ್ಯಕ್ಕೆ ಆ ಚಾಳಿ ಬೆಳೆಯಲಿಲ್ಲ. 1993ರಲ್ಲಿ ಬಂದ ಸಿಐಡಿಆರ್ ಎಂಬ ಪದ್ಧತಿ ಎ, ಬಿ, ಸಿ ವರ್ಗಗಳನ್ನೇ ಎತ್ತಿಹಾಕಿತು. ಗಡಿ ಯಾವ ಬಿಟ್‌ನಲ್ಲಿ ಬೇಕಾದರೂ ಇರಬಹುದು, ಸ್ಲ್ಯಾಶ್ ಬರೆದು ಹೇಳಿದರಾಯಿತು. ವರ್ಗಗಳು ಹೋಗಿ 30 ವರ್ಷ ದಾಟಿತು. ವಿಂಡೋಸ್‌ನ ಆ ಪೆಟ್ಟಿಗೆಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಲೆಕ್ಕ ಹಾಕುವವರಿಗೆ ಒಂದು ಕಿರುದಾರಿ. ಮಾಸ್ಕಿನ ಕೊನೆಯ ತುಂಡನ್ನು 256ರಲ್ಲಿ ಕಳೆಯಿರಿ, ಹೋಳಿನ ಅಳತೆ ಸಿಗುತ್ತದೆ. 255.255.255.192 ಇದ್ದರೆ 64. ಹೋಳುಗಳು 0, 64, 128, 192ರಿಂದ ಶುರು. ಪ್ರತಿ ಹೋಳಿನ ಮೊದಲ ವಿಳಾಸ ಹೋಳಿನದೇ ಹೆಸರು, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕರೆಯಲು. ಅವೆರಡು ಬಿಟ್ಟು ಉಳಿದದ್ದು ಯಂತ್ರಗಳಿಗೆ. ಇಷ್ಟು ಬಂದರೆ ಕಸುಬಿಗೆ ಸಾಕು, ಪರೀಕ್ಷೆಗೆ ಓದುವವರು ಉಳಿದದ್ದನ್ನು ಓದಿಕೊಳ್ಳಲಿ.

ಮಾಸ್ಕ್ ಬೇಕಾದ್ದಕ್ಕಿಂತ ಅಗಲವಾಗಿ ತಪ್ಪಿದರೆ ಅಂಗಡಿಯಲ್ಲಿ ಆದಂತೆ ಏನೋ ಒಂದು ನಿಲ್ಲುತ್ತದೆ, ಫೋನ್ ಬರುತ್ತದೆ. ಕಿರಿದಾಗಿ ತಪ್ಪಿದರೆ ಫೋನೇ ಬರುವುದಿಲ್ಲ. 256 ವಿಳಾಸಗಳ ಒಂದೇ ಅಖಂಡ ಜಾಲದಲ್ಲಿ ಒಂದು ಕಂಪ್ಯೂಟರಿಗೆ ಮಾತ್ರ ಯಾರೋ 255.255.255.128 ಹಾಕಿದ್ದಾರೆ ಎನ್ನಿ. ಅದೇ ಮೇಜಿನ ಮೇಲಿನ ಪ್ರಿಂಟರಿನ ವಿಳಾಸ ಇನ್ನೊಂದು ಅರ್ಧದಲ್ಲಿದ್ದರೆ, ಅದನ್ನು ‘ಹೊರಗಿನದು’ ಎಂದುಕೊಂಡು ಆ ಕಂಪ್ಯೂಟರ್ ಪ್ಯಾಕೆಟ್ಟನ್ನು ರೂಟರಿಗೆ ಕೊಡುತ್ತದೆ. ರೂಟರ್ ಅದನ್ನು ಬಂದ ದಾರಿಯಲ್ಲೇ ತಿರುಗಿಸಿ ಪ್ರಿಂಟರಿಗೆ ಮುಟ್ಟಿಸುತ್ತದೆ. ಪ್ರಿಂಟರ್ ಉತ್ತರವನ್ನು ನೇರವಾಗಿ ಕೊಡುತ್ತದೆ. ಹಾಳೆ ಹೊರಬರುತ್ತದೆ. ವರ್ಷಗಟ್ಟಲೆ ಹೀಗೇ ನಡೆದು, ಎಂದೋ ರೂಟರ್ ಕೆಟ್ಟ ದಿನ “ಪ್ರಿಂಟರಿಗೂ ನೆಟ್ಟಿಗೂ ಏನ್ ಸಂಬಂಧ ಅದ?” ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅಗಲ ಮಾಸ್ಕಿನ ತಪ್ಪನ್ನು ಮುಚ್ಚುವ ಯಂತ್ರಗಳೂ ಇವೆ. ಕೆಲವು ರೂಟರ್‌ಗಳು ಆಚೆ ಬದಿಯ ಯಂತ್ರದ ಪರವಾಗಿ ತಾವೇ “ಆ ವಿಳಾಸ ನನ್ನದು” ಎಂದು ಉತ್ತರಿಸಿ ಪ್ಯಾಕೆಟ್ ಇಸಿದುಕೊಳ್ಳುತ್ತವೆ. ಪ್ರಾಕ್ಸಿ ಎಆರ್‌ಪಿ ಎಂಬ ಈ ಉಪಕಾರವನ್ನು ನಾನು ಉಪಕಾರ ಎನ್ನಲಾರೆ. ಹೊಸ ರೂಟರ್ ತಂದ ದಿನ ಹಳೆಯ ತಪ್ಪೆಲ್ಲ ಒಟ್ಟಿಗೇ ಎದ್ದು ಬರುತ್ತದೆ, ಬೈಗುಳ ಹೊಸ ರೂಟರಿಗೆ.

ಮಾಸ್ಕ್ ‘ಹೊರಗೆ’ ಎಂದಿತು, ಪ್ಯಾಕೆಟ್ ರೂಟರಿಗೆ ಬಂತು. ರೂಟರ್ ಎಲ್ಲಿಗೆ ಕಳಿಸಬೇಕು? ಅದರ ಬಳಿ ರೂಟಿಂಗ್ ಟೇಬಲ್ ಇದೆ. ಹೆಸರು ಕೇಳಿ ಅದರಲ್ಲಿ ಇಡೀ ದಾರಿಯ ನಕ್ಷೆ ಇದೆ ಎಂದುಕೊಳ್ಳಬೇಡಿ. ಇಂಥ ಗುಂಪಿನ ವಿಳಾಸವಾದರೆ ಮುಂದಿನ ಕೈ ಇಂಥದು, ಅಷ್ಟೇ. ಕಮಲಾಪುರದ ರೂಟರಿನ ಟೇಬಲ್ ಹೀಗಿದೆ:

10.85.18.0/25 – ನೇರ (ಕಂಪ್ಯೂಟರ್‌ಗಳು)
10.85.18.128/25 – ನೇರ (ಕ್ಯಾಮೆರಾಗಳು)
10.85.19.0/30 – ನೇರ (ಕಲಬುರಗಿಗೆ ಹೋಗುವ ಕೊಂಡಿ)
10.85.16.0/22 – 10.85.19.1ರ ಕೈಗೆ (ಗಂಜಿನ ರೂಟರ್)
0.0.0.0/0 – ಇಂಟರ್‌ನೆಟ್ ಕಂಪನಿಯ ಕೈಗೆ

ನಾಲ್ಕನೇ ಸಾಲು ನೋಡಿ. ಸ್ಲ್ಯಾಶ್ 22 ಎಂದರೆ ಮೂರನೇ ತುಂಡಿನ ಮೊದಲ ಆರು ಬಿಟ್ ಮಾತ್ರ ಹೊಂದಿದರೆ ಸಾಕು. 16, 17, 18, 19 ನಾಲ್ಕೂ ಅದರೊಳಗೆ ಬಂದವು. ಗಂಜಿನಲ್ಲಿ ಎಷ್ಟು ಜಾಲ ಇದ್ದರೂ ಕಮಲಾಪುರಕ್ಕೆ ಒಂದೇ ಸಾಲು ಸಾಕಾಯಿತು. ಆದರೆ 18 ಕಮಲಾಪುರದ್ದೇ ಅಲ್ಲವೇ? ಗುಮಾಸ್ತನ ಕಂಪ್ಯೂಟರಿಗೆ ಬಂದ ಪ್ಯಾಕೆಟ್ ಮೊದಲ ಸಾಲಿಗೂ ಹೊಂದುತ್ತದೆ, ನಾಲ್ಕನೆಯದಕ್ಕೂ ಹೊಂದುತ್ತದೆ, ಐದನೆಯದಕ್ಕೆ ಎಲ್ಲವೂ ಹೊಂದುತ್ತವೆ. ಇಲ್ಲಿ ಸಾಲುಗಳ ಮೇಲು ಕೆಳಗು ಲೆಕ್ಕಕ್ಕಿಲ್ಲ. ಹೆಚ್ಚು ಬಿಟ್ ಹೊಂದಿದ ಸಾಲೇ ಗೆಲ್ಲುತ್ತದೆ: 25 ಇರುವಾಗ 22ರ ಮಾತು ನಡೆಯುವುದಿಲ್ಲ, 22 ಇರುವಾಗ 0ಯ ಮಾತು ನಡೆಯುವುದಿಲ್ಲ. ಇಡೀ ಇಂಟರ್‌ನೆಟ್ ನಡೆಯುವುದು ಈ ಒಂದು ನಿಯಮದ ಮೇಲೆ. ಎಲ್ಲ ಸಾಲಿಗೂ ಸೋತದ್ದು ಕೊನೆಯ ಸಾಲಿಗೆ ಬೀಳುತ್ತದೆ. ಡಿಫಾಲ್ಟ್ ರೂಟ್ ಎನ್ನುವುದು ಅದನ್ನೇ. ಟೇಬಲ್ ರೂಟರಿನ ಆಸ್ತಿ ಮಾತ್ರವಲ್ಲ, ಗುಮಾಸ್ತನ ಕಂಪ್ಯೂಟರಿನಲ್ಲೂ ಒಂದು ಚಿಕ್ಕದು ಇದೆ. ಕಪ್ಪು ಕಮ್ಯಾಂಡ್ ಕಿಟಕಿಯಲ್ಲಿ ‘ರೂಟ್ ಪ್ರಿಂಟ್’ ಕೊಟ್ಟರೆ ಕಾಣುತ್ತದೆ. ಕೆಟ್ಟಾಗ ಅಲ್ಲ, ಚೆನ್ನಾಗಿರುವಾಗಲೇ ಅದರ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ.

10.85 ಎಂಬ ಸಂಖ್ಯೆಗಳನ್ನು ನಾನು ಸುಮ್ಮನೆ ಆರಿಸಲಿಲ್ಲ. ಅಂಗಡಿ ಶುರುವಾದಾಗ ಎರಡೂ ಕಡೆ ಪೆಟ್ಟಿಗೆಯಿಂದ ತೆಗೆದ ರೂಟರ್ ಹಾಗೇ ಹಾಕಿದ್ದರು. ಎರಡೂ ಕಡೆ 192.168.1.0/24. 10ರಿಂದ ಶುರುವಾಗುವವು, 172.16ರಿಂದ 172.31ರ ತನಕದವು, 192.168ರವು ಖಾಸಗಿ ಬಳಕೆಗೆಂದು ಬಿಟ್ಟ ವಿಳಾಸಗಳು. 1996ರ ಆರ್‌ಎಫ್‌ಸಿ 1918ರ ಪ್ರಕಾರ ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಬಹುದು, ಹೊರಗಿನ ಇಂಟರ್‌ನೆಟ್ ಅವನ್ನು ಗುರುತಿಸುವುದಿಲ್ಲ. ಒಂದೊಂದೇ ಅಂಗಡಿ ಇದ್ದಾಗ ತೊಂದರೆಯಿಲ್ಲ. ಎರಡನ್ನೂ ವಿಪಿಎನ್ ಎಂಬ, ಇಂಟರ್‌ನೆಟ್ಟಿನ ಮೇಲೆಯೇ ಎಳೆಯುವ ಖಾಸಗಿ ಕೊಂಡಿಯಿಂದ ಬೆಸೆದ ದಿನ ಪೇಚಾಟ ಶುರು. ಗಂಜಿನ ಸರ್ವರ್ 192.168.1.10, ಕಮಲಾಪುರದ ಕಂಪ್ಯೂಟರ್ 192.168.1.20. ಮಾಸ್ಕ್ ಇಟ್ಟು ನೋಡಿದರೆ ಸರ್ವರ್ ಪಕ್ಕದಲ್ಲೇ ಇದೆ! ಕೊಂಡಿ ಎಷ್ಟೇ ಗಟ್ಟಿಯಾಗಿದ್ದರೂ ಅದರತ್ತ ಒಂದು ಪ್ಯಾಕೆಟ್ಟೂ ಹೊರಡುವುದಿಲ್ಲ. ಎರಡು ಕಮಲಾಪುರಕ್ಕೂ ಒಂದೇ ಪಿನ್‌ಕೋಡ್ ಕೊಟ್ಟ ಹಾಗೆ. ಶಾಖೆ ತೆರೆಯುವ ಯೋಚನೆ ಇದ್ದರೆ ಮೊದಲ ದಿನವೇ ಯಾರೂ ಬಳಸದಂಥ ಗುಂಪು ಹಿಡಿದು, ಪ್ರತಿ ಊರಿಗೆ ಒಂದು ಹೋಳು ಗೊತ್ತುಮಾಡಿ, ನಡುವೆ ಜಾಗ ಬಿಟ್ಟಿರಬೇಕು. ಕಮಲಾಪುರವೇ 2018ರಲ್ಲಿ ತಾಲ್ಲೂಕಾಯಿತು, ಹೊಸ ಕಚೇರಿಗಳು ಬಂದವು. ಇಂದು ಒಂದು ಮೇಜು ಇರುವ ಕಡೆ ನಾಳೆ ಹತ್ತು ಬರುತ್ತವೆ.

ವಿಪಿಎನ್ ಕೊಂಡಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಕಂಪನಿ ನಿಮಗೆ ಸ್ವಂತ ವಿಳಾಸ ಕೊಟ್ಟಿಲ್ಲ, ಬಹಳ ಗಿರಾಕಿಗಳಿಗೆ ಒಂದನ್ನೇ ಹಂಚಿದೆ ಎಂದರ್ಥ. ಜಗತ್ತಿನ 429 ಕೋಟಿ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿ 3ರಂದೇ ಖಾಲಿಯಾಯಿತು. ಮರುವರ್ಷವೇ ಈ ಹಂಚಿಕೆಗೆಂದು ಆ ಗುಂಪನ್ನು ತೆಗೆದಿಟ್ಟರು. ಹೊರಗಿನಿಂದ ಅಂಥ ರೂಟರನ್ನು ಕರೆಯಲಾಗದು, ಅದೇ ಹೊರಗೆ ಕರೆಯಬೇಕು. ಹಾಗಾಗಿ ಕೊಂಡಿಯನ್ನು ಕಮಲಾಪುರದ ಕಡೆಯಿಂದ ಶುರು ಮಾಡಿಸುವುದು ವಾಸಿ.

ಕೊಂಡಿ ಕೂತಿತು, ಕಮಲಾಪುರದ ಟೇಬಲ್ ತುಂಬಿತು. ಸಿಗುತ್ತದೆಯೇ ಎಂದು ನೋಡಲು ಗುಮಾಸ್ತ ಗಂಜಿನ ಸರ್ವರಿಗೆ ಪಿಂಗ್ ಕೊಡುತ್ತಾನೆ. ‘ರಿಕ್ವೆಸ್ಟ್ ಟೈಮ್ಡ್ ಔಟ್.’ ಕಮಲಾಪುರದ ಟೇಬಲನ್ನು ಮತ್ತೆ ಮತ್ತೆ ತಿದ್ದುತ್ತಾರೆ, ರೂಟರ್ ಆರಿಸಿ ಹಚ್ಚುತ್ತಾರೆ, ಮತ್ತದೇ. ವಾಸ್ತವದಲ್ಲಿ ಪ್ಯಾಕೆಟ್ ಗಂಜಿಗೆ ಮುಟ್ಟಿದೆ. ಸರ್ವರ್ ಉತ್ತರವನ್ನೂ ಬರೆದಿದೆ. ಉತ್ತರದ ಮೇಲಿನ ವಿಳಾಸ 10.85.18.20. ಗಂಜಿನ ರೂಟರಿನ ಟೇಬಲಿನಲ್ಲಿ 18ರ ಸಾಲೇ ಇಲ್ಲ, ಅದು ಡಿಫಾಲ್ಟ್ ಸಾಲಿಗೆ ಬಿದ್ದು ಇಂಟರ್‌ನೆಟ್ ಕಂಪನಿಯ ಕೈ ಸೇರಿತು. ಖಾಸಗಿ ವಿಳಾಸವಾದ್ದರಿಂದ ಅಲ್ಲೇ ಕಸದ ಬುಟ್ಟಿಗೆ. ಪ್ಯಾಕೆಟ್ ಬಂದ ದಾರಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹೋಗುವುದು ಒಂದು ತೀರ್ಮಾನ, ಮರಳುವುದು ಇನ್ನೊಂದು; ಎರಡನ್ನೂ ಬೇರೆ ಬೇರೆ ಯಂತ್ರಗಳು ತಮ್ಮ ತಮ್ಮ ಟೇಬಲ್ ನೋಡಿ ಮಾಡುತ್ತವೆ. ದೂರು ಬಂದದ್ದು ಕಮಲಾಪುರದಿಂದ, ತಿದ್ದಬೇಕಾದ್ದು ಗಂಜಿನಲ್ಲಿ. “ನಮ್ ಕಡೆ ಎಲ್ಲಾ ಸರಿ ಅದರೀ” ಎಂದು ಗಂಜಿನವರು ಹೇಳುವುದು ಸುಳ್ಳೇನಲ್ಲ, ಅವರಿಗೆ ಅವರ ನೆಟ್ಟಿನಲ್ಲಿ ಏನೂ ಕೆಟ್ಟಿಲ್ಲ.

ಗಂಜಿನಲ್ಲಿ ಕೊನೆಗೆ ಸಾಲು ಸೇರಿಸಿದರು. 10.85.18.0/24 ಎಂದು ಬರೆದಿದ್ದರೆ ಕಥೆ ಮುಗಿಯುತ್ತಿತ್ತು. ಮುಂದೆ ಬೇಕಾದೀತೆಂದು ಉದಾರವಾಗಿ 10.85.18.0/23 – ಕಮಲಾಪುರದ ಕೈಗೆ, ಎಂದು ಬರೆದರು. 18, 19 ಎರಡೂ ಬಂದವು. ಎಲ್ಲ ನಡೆಯತೊಡಗಿತು. ಆಗ ಒಂದು ದಿನ ಯಾರೋ ತಪ್ಪಾಗಿ 10.85.19.77ಕ್ಕೆ ಏನೋ ಕಳಿಸಿದರು, ಆ ವಿಳಾಸದ ಯಂತ್ರ ಎಲ್ಲೂ ಇಲ್ಲ. ಕಮಲಾಪುರದ ರೂಟರ್ ಟೇಬಲ್ ನೋಡಿತು: ಸ್ಲ್ಯಾಶ್ 30ರ ಕೊಂಡಿ 0ಯಿಂದ 3ಕ್ಕೇ ಮುಗಿಯಿತು, 77 ಅದರಲ್ಲಿಲ್ಲ, ಸ್ಲ್ಯಾಶ್ 22ಕ್ಕೆ ಹೊಂದಿತು, ಹೋಗು ಗಂಜಿಗೆ. ಗಂಜಿನ ರೂಟರ್ ನೋಡಿತು: ಸ್ಲ್ಯಾಶ್ 23ಕ್ಕೆ ಹೊಂದಿತು, ಹೋಗು ಕಮಲಾಪುರಕ್ಕೆ. ಕಮಲಾಪುರ ಮತ್ತೆ ಗಂಜಿಗೆ. ಯಾವ ರೂಟರೂ ತಪ್ಪು ಮಾಡುತ್ತಿಲ್ಲ, ಎರಡೂ ತಮ್ಮ ಟೇಬಲಿಗೆ ನಿಷ್ಠವಾಗಿವೆ. ಇದನ್ನು ನಿಲ್ಲಿಸುವುದು ಪ್ಯಾಕೆಟ್ಟಿನ ಮೇಲೆ ಬರೆದಿರುವ ಟಿಟಿಎಲ್ ಎಂಬ ಅಂಕಿ. ವಿಂಡೋಸ್ ಅದನ್ನು 128 ಎಂದು ಬರೆದು ಕಳಿಸುತ್ತದೆ, ಲಿನಕ್ಸ್ 64. ಪ್ರತಿ ರೂಟರ್ ಒಂದೊಂದು ಕಳೆಯುತ್ತದೆ, ಸೊನ್ನೆಯಾದಲ್ಲಿ ಎಸೆದು ಕಳಿಸಿದವನಿಗೆ ಸುದ್ದಿ ಮುಟ್ಟಿಸುತ್ತದೆ. ವಿಂಡೋಸಿನ ಒಂದು ಪ್ಯಾಕೆಟ್ಟು ಕೊಂಡಿಯ ಮೇಲೆ ನೂರಕ್ಕೂ ಹೆಚ್ಚು ಸಲ ಓಡಾಡಿ ಸಾಯುತ್ತದೆ. ಜಾಲದಲ್ಲಿ ಹೊಕ್ಕ ಯಾವುದೋ ವೈರಸ್ ಸಾಲುಸಾಲಾಗಿ ಎಲ್ಲ ವಿಳಾಸಗಳನ್ನೂ ತಟ್ಟತೊಡಗಿದರೆ ಕೊಂಡಿ ಇದರಲ್ಲೇ ತುಂಬಿಹೋಗುತ್ತದೆ, “ಇವತ್ತ್ ನೆಟ್ ಭಾಳ ಸ್ಲೋ ಅದ” ಎಂಬ ದೂರು ಬರುತ್ತದೆ. ಪರಿಹಾರ ಸರಳ: ಕಮಲಾಪುರದ ಟೇಬಲಿನಲ್ಲಿ 10.85.18.0/23ಕ್ಕೆ ‘ಎಸೆದುಬಿಡು’ ಎಂಬ ಸಾಲು ಸೇರಿಸಿ. ನಿಜವಾಗಿ ಇರುವ ಜಾಲಗಳ ಸಾಲುಗಳಲ್ಲಿ ಇನ್ನೂ ಹೆಚ್ಚು ಬಿಟ್ ಇರುವುದರಿಂದ ಅವುಗಳಿಗೆ ಧಕ್ಕೆಯಿಲ್ಲ. ಇಲ್ಲದ ವಿಳಾಸಗಳು ಮಾತ್ರ ಅಲ್ಲೇ ಬೀಳುತ್ತವೆ.

ಅಂಗಡಿಯ ರೂಟರಿಗೆ ಗೊತ್ತಿಲ್ಲದ್ದನ್ನೆಲ್ಲ ಡಿಫಾಲ್ಟ್ ಸಾಲಿನಲ್ಲಿ ಕಂಪನಿಯ ತಲೆಗೆ ಕಟ್ಟಬಹುದು. ದೊಡ್ಡ ಕಂಪನಿಗಳ ನಡುವಿನ ರೂಟರುಗಳಿಗೆ ಆ ಸುಖವಿಲ್ಲ, ಅವುಗಳಿಗೆ ಮೇಲಿನವರು ಯಾರೂ ಇಲ್ಲ. ಜಗತ್ತಿನ ಎಲ್ಲ ಗುಂಪುಗಳ ಸಾಲೂ ಅವುಗಳ ಟೇಬಲಿನಲ್ಲಿರಬೇಕು. ಈಗ ಆ ಸಾಲುಗಳು ಒಂಬತ್ತು ಲಕ್ಷ ದಾಟಿವೆ. 2014ರ ಆಗಸ್ಟ್ 12ರಂದು ಸಂಖ್ಯೆ 512 ಸಾವಿರದ ಗಡಿ ಮುಟ್ಟಿದಾಗ, ಅಷ್ಟಕ್ಕೇ ಜಾಗ ಇಟ್ಟುಕೊಂಡಿದ್ದ ಹಳೆಯ ರೂಟರುಗಳು ಹಲವು ದೇಶಗಳಲ್ಲಿ ತಡವರಿಸಿದವು. ಈ ಸಾಲುಗಳನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. 1989ರಲ್ಲಿ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಗೀಚಿಕೊಂಡು ಶುರುವಾದ ಬಿಜಿಪಿ ಎಂಬ ಪದ್ಧತಿಯಲ್ಲಿ ಪ್ರತಿ ಜಾಲವೂ “ಈ ಗುಂಪು ನನ್ನ ಕಡೆ ಇದೆ” ಎಂದು ಪಕ್ಕದವರಿಗೆ ಸಾರುತ್ತದೆ, ಅವರು ತಮ್ಮ ಪಕ್ಕದವರಿಗೆ. ಸಾರುವವನನ್ನು ನಂಬುವುದೇ ಮೂಲದಲ್ಲಿ ಪದ್ಧತಿ.

ಆ ನಂಬಿಕೆಯೂ, ಹೆಚ್ಚು ಬಿಟ್ ಹೊಂದಿದ ಸಾಲೇ ಗೆಲ್ಲುವ ನಿಯಮವೂ ಒಟ್ಟಿಗೆ ಸೇರಿ ಏನಾಗಬಹುದೆಂದು 2008ರ ಫೆಬ್ರುವರಿ 24ರಂದು ಗೊತ್ತಾಯಿತು. ಭಾರತದ ಗಡಿಯಾರದಲ್ಲಿ ಆಗ ನಡುರಾತ್ರಿ ದಾಟಿತ್ತು. ಯೂಟ್ಯೂಬ್ ಸಾರುತ್ತಿದ್ದದ್ದು 208.65.152.0/22. ಪಾಕಿಸ್ತಾನದಲ್ಲಿ ಯೂಟ್ಯೂಬ್ ತಡೆಯಬೇಕೆಂಬ ಆಜ್ಞೆ ಬಂದಾಗ ಪಾಕಿಸ್ತಾನ್ ಟೆಲಿಕಾಂ 208.65.153.0/24 ತನ್ನಲ್ಲಿದೆ ಎಂದು ಸಾರಿತು. ದೇಶದೊಳಗೆ ಉಳಿಯಬೇಕಿದ್ದ ಆ ಸಾರಿಕೆಯನ್ನು ಅದರ ಮೇಲಿನ ಹಾಂಗ್‌ಕಾಂಗ್ ಕಂಪನಿ ಪಿಸಿಸಿಡಬ್ಲ್ಯು ಜಗತ್ತಿಗೆ ದಾಟಿಸಿತು. 24, 22ಕ್ಕಿಂತ ದೊಡ್ಡದು. ಭೂಮಿಯ ಎಲ್ಲ ಮೂಲೆಗಳಿಂದ ಯೂಟ್ಯೂಬಿಗೆ ಹೊರಟ ಪ್ಯಾಕೆಟ್ಟುಗಳು ಪಾಕಿಸ್ತಾನದತ್ತ ತಿರುಗಿದವು. ಒಂದು ತಾಸಿನ ಮೇಲೆ ಯೂಟ್ಯೂಬ್ ತಾನೂ /24 ಸಾರಿತು; ಸಮಬಲವಾಯಿತು, ಹತ್ತಿರವಿದ್ದವರು ಮರಳಿದರು. ಕೆಲವೇ ನಿಮಿಷಗಳಲ್ಲಿ ಆ /24 ಅನ್ನು ಎರಡು /25 ಆಗಿ ಸೀಳಿ ಸಾರಿತು, ನಮ್ಮ ಅಂಗಡಿಯವನು 10.85.18ನ್ನು ಸೀಳಿದಂತೆಯೇ. ಆದರೆ /24ಕ್ಕಿಂತ ಸಣ್ಣ ಗುಂಪನ್ನು ಬಹಳಷ್ಟು ಕಂಪನಿಗಳು ಒಪ್ಪಿಕೊಳ್ಳುವುದೇ ಇಲ್ಲ, ಟೇಬಲ್ ಉಬ್ಬಿಹೋಗುತ್ತದೆಂಬ ಭಯಕ್ಕೆ. ಎರಡು ತಾಸು ದಾಟಿದ ಮೇಲೆ ಪಿಸಿಸಿಡಬ್ಲ್ಯು ಆ ಸಾರಿಕೆ ಹಿಂತೆಗೆದಾಗಲೇ ಎಲ್ಲ ಸರಿಹೋದದ್ದು.

ಇಂದು ವಿಳಾಸಗುಚ್ಛ ಪಡೆದವರು, ಭಾರತದಲ್ಲಾದರೆ 2012ರಿಂದ ಅದನ್ನು ಕೊಡುತ್ತಿರುವ ಐಆರ್‌ಐಎನ್‌ಎನ್ ಮೂಲಕ ಪಡೆದವರು ಕೂಡ, ‘ಈ ಗುಂಪನ್ನು ಇಂಥ ಜಾಲ ಮಾತ್ರ, ಇಷ್ಟು ಬಿಟ್‌ಗಳ ತನಕ ಮಾತ್ರ ಸಾರಬಹುದು’ ಎಂದು ಡಿಜಿಟಲ್ ಸಹಿ ಹಾಕಿದ ಪತ್ರ ಮಾಡಿಡಬಹುದು. ಸಾರಿಕೆ ಬಂದಾಗ ಆ ಪತ್ರದೊಂದಿಗೆ ತಾಳೆ ನೋಡುವ ರೂಟರ್ ಕಳ್ಳಸಾಲನ್ನು ಟೇಬಲಿಗೆ ಸೇರಿಸುವುದಿಲ್ಲ. ತಾಳೆ ನೋಡದ ರೂಟರುಗಳು ಇನ್ನೂ ಇವೆ, ಅವು 2008ರಂತೆಯೇ ಬಿಟ್ ಎಣಿಸಿ ಹೆಚ್ಚಿದ್ದವನಿಗೆ ಪ್ಯಾಕೆಟ್ ಕೊಡುತ್ತವೆ.